ಲೋನ್ ಬೇಕಾ, ಕಾರ್ಡ್ ಬೇಕಾ ಅಂತ ದಿನಾ ಬರೋ ಕಾಲ್‌ಗಳು: ನಿಜವಾಗ್ಲೂ ಏನ್ ಮಾಡಿದ್ರೆ ನಿಲ್ಲುತ್ತೆ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಲೋನ್, ಕ್ರೆಡಿಟ್ ಕಾರ್ಡ್, ಸೈಟ್, ಇನ್ಶೂರೆನ್ಸ್ ಅಂತ ಬರೋ ಕಾಲ್‌ಗಳ ಕಾಟ ತಡೆಯೋಕಾಗ್ತಿಲ್ಲ. ಒಂದು ನಂಬರ್ ಬ್ಲಾಕ್ ಮಾಡಿದ್ರೆ ಅದರ ಪಕ್ಕದ ನಂಬರಿಂದ ಬರುತ್ತೆ, ಕೊನೇ ಎರಡು ಅಂಕಿ ಮಾತ್ರ ಬೇರೆ ಇರುತ್ತೆ ಅಷ್ಟೇ. ಎತ್ತೋದೇ ಬೇಡ ಅಂದ್ಕೊಂಡ್ರೆ ಕೊರಿಯರ್‌ನವರು, ಸ್ಕೂಲ್ ವ್ಯಾನ್ ಡ್ರೈವರ್, ಲ್ಯಾಬ್‌ನವರು ಎಲ್ಲಾ ಗೊತ್ತಿಲ್ಲದ ನಂಬರಿಂದಲೇ ಮಾಡೋದು. ಡಿಎನ್‌ಡಿ, ಅಂದ್ರೆ ಪ್ರಚಾರದ ಕಾಲ್ ಬೇಡ ಅಂತ ನೋಂದಣಿ, ಹಾಕ್ಸಿದ್ರೆ ಕಮ್ಮಿ ಆಗುತ್ತೆ ಅಂತ ಕೆಲವ್ರು ಹೇಳ್ತಾರೆ, ಏನೂ ಪ್ರಯೋಜನ ಇಲ್ಲ ಅಂತ ಇನ್ ಕೆಲವ್ರು. ನಮ್ಮತ್ತೆ ಫೋನಿಗೂ ಇದೇ ಗೋಳು, ಅವರು ಪ್ರತಿಯೊಬ್ಬರಿಗೂ ಸಮಾಧಾನವಾಗಿ ಕೂತು ಉತ್ತರ ಹೇಳ್ತಾರೆ, ನನಗೆ ಅದೇ ಜಾಸ್ತಿ ಭಯ. ಗೊತ್ತಿರೋರು ದಯವಿಟ್ಟು ಸರಿಯಾಗಿ ಹೇಳಿ.

ಹಳೇಟವರ್:
ಮೊದಲು ಡಿಎನ್‌ಡಿ ವಿಷಯ ಮುಗಿಸಿಬಿಡೋಣ ಮೇಡಂ. 1909ಕ್ಕೆ ಇಂಗ್ಲಿಷಲ್ಲಿ ಸ್ಟಾರ್ಟ್ ಅಂತ ಬರೆದು ಒಂದು ಸ್ಪೇಸ್ ಬಿಟ್ಟು ಸೊನ್ನೆ ಹಾಕಿ ಎಸ್ಸೆಮ್ಮೆಸ್ ಕಳ್ಸಿ, ಎಲ್ಲಾ ಥರದ ಪ್ರಚಾರದ ಕಾಲ್, ಮೆಸೇಜಿಗೂ ಬೇಡ ಅಂತ ದಾಖಲಾಗುತ್ತೆ. ಎಲ್ಲಾ ಬೇಡ, ಬ್ಯಾಂಕ್ ಇನ್ಶೂರೆನ್ಸ್ ಮಾತ್ರ ಬೇಡ, ರಿಯಲ್ ಎಸ್ಟೇಟ್ ಮಾತ್ರ ಬೇಡ ಅಂತಾನೂ ಆರಿಸ್ಕೋಬಹುದು. 1909ಕ್ಕೆ ಕಾಲ್ ಮಾಡಿನೂ ಮಾಡಿಸ್ಬಹುದು, ನಿಮ್ಮ ಸಿಮ್ ಕಂಪ್ನಿ ಆ್ಯಪ್‌ನಲ್ಲೂ ಇರುತ್ತೆ, ಟೆಲಿಕಾಂ ಕಂಪ್ನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ ಟ್ರಾಯ್‌ದೇ ಒಂದು ಡಿಎನ್‌ಡಿ ಆ್ಯಪ್ ಕೂಡ ಇದೆ. ಓಟಿಪಿ, ಬ್ಯಾಂಕ್ ಖಾತೆ ಮೆಸೇಜ್ ನಿಂತೋಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಅದಕ್ಕೇನೂ ಆಗಲ್ಲ, ಅವು ಬೇರೆ ವರ್ಗ. ಈಗ ಮೆಸೇಜ್ ಕಳಿಸಿದವರ ಹೆಸರಿನ ಕೊನೇಲಿ ಗೆರೆ ಎಳೆದು ಒಂದು ಅಕ್ಷರ ಇರುತ್ತಲ್ಲ, ಪಿ ಅಂದ್ರೆ ಪ್ರಚಾರ, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರದ್ದು. ಡಿಎನ್‌ಡಿ ತಡೆಯೋದು ಆ ಪಿ ಸಾಲನ್ನ.

ಜೋಳದತೆನಿ:
ಅಲ್ರೀ ಸರ್, ನಾ ಡಿಎನ್‌ಡಿ ಹಾಕ್ಸಿ ಭಾಳ ವರ್ಷ ಆತು. 2007ರಾಗ ರಿಜಿಸ್ಟ್ರಿ ಬಂದಾಗಿಂದ ಇದ ಮಾತ ಕೇಳಾಕತ್ತೇವಿ. ಹಾಕ್ಸಿದ ಮ್ಯಾಲೂ ದಿನಾ ಹತ್ತಂಕಿ ನಂಬರಿನಿಂದ ಬರ್ತಾವ, ನಂಬರ್ ನೋಡಿದ್ರ ಯಾರೋ ನಮ್ಮಂಥಾವ್ರದ್ದ ಅನ್ನೂಹಂಗ ಇರ್ತದ. ಎತ್ತಿದ ಕೂಡ್ಲೆ ಸರ್ ನಿಮಗ ಪ್ರೀ ಅಪ್ರೂವ್ಡ್ ಲೋನ್ ಅದ ಅಂತಾರ. ಹಂಗಾದ್ರ ರಿಜಿಸ್ಟ್ರಿ ಯಾಕ ಬೇಕ್ರಿ?

ಹಳೇಟವರ್:
ನೀವು ಹೇಳೋದು ನಿಜ ಸರ್, ಸಮಸ್ಯೆ ಇರೋದೇ ಆ ಹತ್ತಂಕಿಯಲ್ಲಿ. ನಿಯಮದ ಪ್ರಕಾರ ಪ್ರಚಾರದ ಕಾಲ್ 140ರಿಂದ ಶುರುವಾಗೋ ನಂಬರಿಂದಲೇ ಬರಬೇಕು, ಬ್ಯಾಂಕು ಮತ್ತೆ ಸರ್ಕಾರದ ಸೇವಾ ಕಾಲ್‌ಗಳಿಗೆ 1600 ಸರಣಿ ಕೊಟ್ಟಿದಾರೆ. 140 ಕಂಡ್ರೆ ಜನ ಎತ್ತಲ್ಲ, ಡಿಎನ್‌ಡಿ ಇದ್ರೆ ಅಲ್ಲೇ ಫಿಲ್ಟರ್ ಆಗುತ್ತೆ, ಹಾಗಾಗಿ ನೋಂದಣಿನೇ ಮಾಡಿಸದೆ ಸಾಮಾನ್ಯ ಮೊಬೈಲ್ ಸಿಮ್ಮು ಅಥವಾ ಪಿಆರ್‌ಐ, ಎಸ್‌ಐಪಿ ಅನ್ನೋ ಆಫೀಸ್ ಫೋನ್ ಲೈನ್ ತಗೊಂಡು ಅದರಿಂದ ಮಾಡ್ತಾರೆ. ಡಿಎನ್‌ಡಿ ರಿಜಿಸ್ಟ್ರಿ ಅನ್ನೋದು ನೋಂದಾಯಿತ ಟೆಲಿಮಾರ್ಕೆಟರ್‌ಗಳಿಗೆ ಹಾಕಿರೋ ಬೇಲಿ, ಈ ಕಳ್ಳದಾರಿ ಅದರ ಆಚೆ ಇದೆ.

ಸಂಜೆಮಲ್ಲಿಗೆ ಮೇಡಂ ಹೇಳಿದ್ರಲ್ಲ ಕೊನೇ ಎರಡು ಅಂಕಿ ಮಾತ್ರ ಬದಲಾಗುತ್ತೆ ಅಂತ, ಅದು ಹೆಚ್ಚಾಗಿ ಪಿಆರ್‌ಐ ಅಥವಾ ಎಸ್‌ಐಪಿ ಲೈನ್ ಲಕ್ಷಣ. ಒಂದು ಆಫೀಸು ಲೈನ್ ತಗೊಂಡಾಗ ಸಾಲಾಗಿ ನಂಬರ್‌ಗಳ ಕಟ್ಟು ಸಿಗುತ್ತೆ, ಸಾಫ್ಟ್‌ವೇರ್ ಒಂದೊಂದು ಸಲ ಒಂದೊಂದು ನಂಬರ್ ತೋರಿಸುತ್ತೆ. ನೀವು ಒಂದೊಂದೇ ಬ್ಲಾಕ್ ಮಾಡ್ತಾ ಕೂತ್ರೆ ಆ ಕಟ್ಟು ಮುಗಿಯೋದೇ ಇಲ್ಲ. ಬ್ಲಾಕ್ ಮಾಡಿದ್ರೆ ನಿಮ್ಮ ಫೋನಲ್ಲಿ ಮಾತ್ರ ನಿಲ್ಲುತ್ತೆ, ಆ ಆಫೀಸಿನ ಲೈನ್ ಹಾಗೇ ಓಡ್ತಾ ಇರುತ್ತೆ. ಲೈನೇ ನಿಲ್ಲಬೇಕು ಅಂದ್ರೆ ದೂರು ಕೊಡ್ಬೇಕು, ನನ್ನ ಅನುಭವದಲ್ಲಿ ಜನ ಬಿಟ್ಟುಬಿಡೋದು ಇದೊಂದನ್ನೇ.

ಬೆಳ್ಳಿಮೋಡ:
ದೂರು ಅಂದ್ರೆ ಪೊಲೀಸಾ ಸರ್? ಅಷ್ಟೆಲ್ಲಾ ಯಾರು ಓಡಾಡ್ತಾರೆ

ಹಳೇಟವರ್:
ಪೊಲೀಸ್ ಅಲ್ಲ ಸರ್, ಅದೇ 1909. ಕಾಲ್‌ನಲ್ಲಿ ಏನು ಹೇಳಿದ್ರು ಅಂತ ಒಂದು ಸಾಲು, ಕಾಮಾ, ಅವರ ನಂಬರು, ಕಾಮಾ, ಕಾಲ್ ಬಂದ ತಾರೀಕು. ಎಸ್ಸೆಮ್ಮೆಸ್ ಕಳಿಸಿದ್ರೆ ದೂರಿನ ನಂಬರ್ ವಾಪಸ್ ಬರುತ್ತೆ. ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲಾದ್ರೆ ಕಾಲ್ ಲಿಸ್ಟಿಂದಲೇ ಆರಿಸಿ ಕಳಿಸ್ಬಹುದು.

ಈ ಕಾಲ್‌ಗಳ ಬಗ್ಗೆ ಟ್ರಾಯ್ ಮಾಡಿದ 2018ರ ನಿಯಮಕ್ಕೆ 2025ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು, ಅದರಲ್ಲಿ ನಮಗೆ ಅನುಕೂಲ ಆಗೋದು ಸುಮಾರಿದೆ, ಆದ್ರೆ ಯಾರಿಗೂ ಗೊತ್ತಿಲ್ಲ. ಮೊದಲು ಕಾಲ್ ಬಂದ 3 ದಿನದೊಳಗೆ ದೂರು ಕೊಡ್ಬೇಕಿತ್ತು, ಈಗ 7 ದಿನ ಟೈಮ್ ಇದೆ. ನೋಂದಣಿ ಇಲ್ಲದವರ ವಿರುದ್ಧ ದೂರು ಕೊಡೋಕೆ ನೀವು ಡಿಎನ್‌ಡಿ ಹಾಕ್ಸಿರಲೇಬೇಕು ಅಂತಿಲ್ಲ. ಮೊದಲು 7 ದಿನದಲ್ಲಿ 10 ದೂರು ಬಂದ್ರೆ ಮಾತ್ರ ಆ ನಂಬರ್ ಮೇಲೆ ಕ್ರಮ, ಈಗ 10 ದಿನದಲ್ಲಿ ಬೇರೆ ಬೇರೆ 5 ಜನ ದೂರು ಕೊಟ್ಟಿದ್ರೆ ಸಾಕು. ಕ್ರಮ ತಗೊಳ್ಳೋಕೆ ಟೆಲಿಕಾಂ ಕಂಪ್ನಿಗೆ ಇದ್ದ 30 ದಿನ ಈಗ 5 ದಿನಕ್ಕೆ ಇಳಿದಿದೆ. ಮೊದಲ ಸಲ ಸಿಕ್ಕಿಬಿದ್ರೆ ಅವರ ಹೆಸರಲ್ಲಿರೋ ಎಲ್ಲಾ ಲೈನ್‌ಗಳ ಹೊರಹೋಗೋ ಕಾಲ್ 15 ದಿನ ಬಂದ್, ಮತ್ತೆ ಮಾಡಿದ್ರೆ ಒಂದು ವರ್ಷ ಪೂರ್ತಿ ಕಟ್, ಎಲ್ಲಾ ಟೆಲಿಕಾಂ ಕಂಪ್ನಿಗಳಲ್ಲೂ ಬ್ಲಾಕ್‌ಲಿಸ್ಟ್. ಗಮನಿಸಿ, ಒಂದು ನಂಬರ್ ಅಲ್ಲ, ಅವರ ಹೆಸರಲ್ಲಿರೋ ಎಲ್ಲಾ ಲೈನು. ನೀವು ಕೊಡೋ ಒಂದು ದೂರು ಆ ಐದರಲ್ಲಿ ಒಂದಾಗುತ್ತೆ, ಬ್ಲಾಕ್ ಮಾಡಿ ಸುಮ್ಮನಾದ್ರೆ ಆ ಲೆಕ್ಕಕ್ಕೇ ಬರಲ್ಲ.

ತಾರಾಮಂಡಲ:
ನಾನು ಮದುವೆಗೆ ಮುಂಚೆ ಒಂದು ಲೋನ್ ಪ್ರೋಸೆಸ್‌ನಲ್ಲಿ ಟೆಲಿಕಾಲರ್ ಆಗಿದ್ದೆ, ಕಂಪ್ನಿ ಹೆಸರು ಬೇಡ. ಆ ಕಡೆ ಏನಾಗುತ್ತೆ ಅಂತ ಹೇಳ್ತೀನಿ, ಉಪಯೋಗ ಆಗಬಹುದು.

ನಾವು ನಂಬರ್ ಒತ್ತಿ ಕಾಲ್ ಮಾಡಲ್ಲ. ಡಯಲರ್ ಅಂತ ಸಾಫ್ಟ್‌ವೇರ್ ಇರುತ್ತೆ, ಅದು ಕೂತಿರೋ ಹುಡುಗೀರ ಸಂಖ್ಯೆಗಿಂತ ಜಾಸ್ತಿ ನಂಬರ್‌ಗೆ ಒಟ್ಟಿಗೇ ಕಾಲ್ ಹೊಡೆಯುತ್ತೆ, ಯಾಕಂದ್ರೆ ಅರ್ಧ ಜನ ಎತ್ತಲ್ಲ ಅಂತ ಅದಕ್ಕೆ ಲೆಕ್ಕ ಇರುತ್ತೆ. ಯಾರಾದ್ರೂ ಎತ್ತಿದ ಕೂಡ್ಲೆ ಫ್ರೀ ಇರೋರ ಹೆಡ್‌ಸೆಟ್‌ಗೆ ಕನೆಕ್ಟ್ ಮಾಡುತ್ತೆ. ಎಣಿಸಿದ್ದಕ್ಕಿಂತ ಜಾಸ್ತಿ ಜನ ಎತ್ತಿಬಿಟ್ರೆ ಮಾತಾಡೋಕೆ ಆ ಕಡೆ ಯಾರೂ ಇರಲ್ಲ. ನೀವು ಹಲೋ ಹಲೋ ಅಂದ್ರೂ ಸದ್ದೇ ಇಲ್ಲದೆ ಕಟ್ ಆಗೋ ಕಾಲ್ ಬರುತ್ತಲ್ಲ, ಅದರಲ್ಲಿ ಬಹಳಷ್ಟು ಇದೇ. ಯಾರೋ ಮನೇಲಿ ಇದೀವಾ ಅಂತ ನೋಡ್ತಿದಾರೆ ಅಂತ ಹೆದರ್ಕೊಳ್ಳೋರಿದಾರೆ, ಅದಕ್ಕೇ ಹೇಳಿದ್ದು.

ಇನ್ನೊಂದು ಮುಖ್ಯವಾದ್ದು. ಪ್ರತಿ ಕಾಲ್ ಮುಗಿದ ಮೇಲೆ ಸ್ಕ್ರೀನಲ್ಲಿ ಒಂದು ಡಿಸ್ಪೊಸಿಷನ್, ಅಂದ್ರೆ ಕಾಲ್ ಏನಾಯ್ತು ಅನ್ನೋ ಗುರುತು, ಒತ್ತಲೇಬೇಕು, ಇಲ್ಲಾಂದ್ರೆ ಮುಂದಿನ ಕಾಲ್ ಬರಲ್ಲ. ಎತ್ತದಿದ್ರೆ ಆರ್‌ಎನ್‌ಆರ್, ಬೇಡ ಅಂದ್ರೆ ನಾಟ್ ಇಂಟರೆಸ್ಟೆಡ್, ಆಮೇಲೆ ಮಾಡಿ ಅಂದ್ರೆ ಕಾಲ್‌ಬ್ಯಾಕ್. ಆರ್‌ಎನ್‌ಆರ್ ಆದ ನಂಬರ್ ಮತ್ತೆ ಡಯಲರ್‌ಗೆ ವಾಪಸ್ ಹೋಗುತ್ತೆ. ಕಾಲ್‌ಬ್ಯಾಕ್ ಅಂತೂ ನಮ್ಮ ಪಾಲಿಗೆ ಒಳ್ಳೇ ಲೀಡ್, ಅಂದ್ರೆ ಗಿರಾಕಿ ಆಗಬಹುದಾದೋರು, ಟೈಮ್ ಹಾಕಿ ಇಡ್ತೀವಿ, ಟೀಮ್ ಲೀಡರ್ ಕೇಳ್ತಾರೆ ಆ ಕಸ್ಟಮರ್‌ಗೆ ಮಾಡಿದ್ಯಾ ಅಂತ. ನಮ್ಮ ಜನ ಸಂಕೋಚಕ್ಕೆ "ಮೀಟಿಂಗಲ್ಲಿದೀನಿ, ಆಮೇಲೆ ಮಾಡಮ್ಮ" ಅಂತಾರಲ್ಲ, ಆ ಒಂದು ಮಾತಿಂದ ಅವರ ನಂಬರ್ ವಾರಗಟ್ಲೆ ಲಿಸ್ಟಲ್ಲಿ ಉಳ್ಕೊಳ್ಳುತ್ತೆ. ಗಂಡನ್ನ ಕೇಳಿ ಹೇಳ್ತೀನಿ ಅಂದ್ರೂ ಅಷ್ಟೇ. ದಯವಿಟ್ಟು ಹಾಗೆ ಹೇಳ್ಬೇಡಿ. "ನನಗೆ ಬೇಡ, ನನ್ನ ನಂಬರ್ ಡಿಎನ್‌ಡಿ ಅಂತ ಹಾಕಿ, ಮತ್ತೆ ಮಾಡ್ಬೇಡಿ" ಅಂತ ನೇರವಾಗಿ ಹೇಳಿ ಇಟ್ಬಿಡಿ. ಸುಮಾರು ಡಯಲರ್‌ಗಳಲ್ಲಿ ಅದಕ್ಕೇ ಬೇರೆ ಬಟನ್ ಇರುತ್ತೆ, ಒತ್ತಿದ್ರೆ ಆ ಕ್ಯಾಂಪೇನ್‌ನಿಂದ ನಂಬರ್ ಹೋಗುತ್ತೆ.

ಕೆಂಡಸಂಪಿಗೆ:
ನಾನಂತೂ ಬಾಯಿಗೆ ಬಂದಂಗೆ ಬೈತೀನಿ. ಊಟದ ಹೊತ್ತಲ್ಲಿ, ಮಗು ಮಲಗಿರೋ ಹೊತ್ತಲ್ಲಿ ಕಾಲ್ ಮಾಡಿದ್ರೆ ಇನ್ನೇನು ಪೂಜೆ ಮಾಡ್ಬೇಕಾ? ಬೈಸ್ಕೊಂಡ ಮೇಲಾದ್ರೂ ನಿಲ್ಲಿಸಲಿ.

ತಾರಾಮಂಡಲ:
ಸಿಟ್ಟು ಬರೋದು ಸಹಜ ಅಕ್ಕ, ಅದರಲ್ಲಿ ನಿಮ್ಮದೇನೂ ತಪ್ಪಿಲ್ಲ. ಆದ್ರೆ ಬೈದ್ರೆ ನಿಲ್ಲಲ್ಲ. ಬೈಸ್ಕೊಂಡ ಹುಡುಗಿಗೆ ಕೆಲವೇ ಸೆಕೆಂಡಲ್ಲಿ ಮುಂದಿನ ಕಾಲ್ ಕಿವಿಗೆ ಬಿದ್ದಿರುತ್ತೆ, ಕಣ್ಣೊರೆಸ್ಕೊಳ್ಳೋಕೂ ಟೈಮ್ ಇರಲ್ಲ, ನಿಮ್ಮ ನಂಬರ್ ಯಾವ ಲಿಸ್ಟಿಂದ ಬಂತು ಅಂತ ಅವಳಿಗೆ ಗೊತ್ತೂ ಇರಲ್ಲ. ಲಿಸ್ಟ್ ತಂದೋನು, ಲೈನ್ ತಗೊಂಡೋನು, ಟಾರ್ಗೆಟ್ ಹಾಕಿದೋನು ಆ ಬೈಗುಳ ಕೇಳೋದೇ ಇಲ್ಲ. ದೂರು ಕೊಟ್ರೆ ಅವನ ಲೈನ್ ಹೋಗುತ್ತೆ, ಅಲ್ಲಿಗೇ ಮುಟ್ಟಬೇಕು. ಬೈಯೋ ಅರ್ಧ ನಿಮಿಷದಲ್ಲಿ "ಯಾವ ಬ್ಯಾಂಕಿನ ಪರವಾಗಿ ಮಾಡ್ತಿದೀರ" ಅಂತ ಒಂದು ಪ್ರಶ್ನೆ ಕೇಳಿ. ಆ ಹೆಸರು ದೂರಲ್ಲಿ ಬರೆದ್ರೆ ತೂಕ ಬೇರೆ.

ಕೆಂಡಸಂಪಿಗೆ:
ಆ ಕಡೆ ಹೀಗಿರುತ್ತೆ ಅಂತ ಯಾರೂ ಹೇಳಿರ್ಲಿಲ್ಲ ನೋಡು ತಂಗಿ. ಸರಿ, ಬ್ಯಾಂಕ್ ಹೆಸರು ಗೊತ್ತಾದ್ರೆ ಬ್ಯಾಂಕಿಗೇ ಹೇಳ್ಬಹುದಲ್ವಾ?

ಖಾತೆಪುಸ್ತಕ:
ಹೇಳ್ಬಹುದು, ಹೇಳಲೇಬೇಕು. ಈ ಲೋನ್ ಕಾಲ್ ಮಾಡೋರಲ್ಲಿ ಬಹಳಷ್ಟು ಜನ ಬ್ಯಾಂಕಿನ ಸ್ಟಾಫ್ ಅಲ್ಲ, ಡಿಎಸ್‌ಎ ಅಂತಾರಲ್ಲ, ಕಮಿಷನ್ ಮೇಲೆ ಕೆಲಸ ಮಾಡೋ ಏಜೆಂಟರು. ಅದು ನಮ್ಮವರಲ್ಲ ಅಂತ ಬ್ಯಾಂಕಿನವರು ಕೈ ತೊಳ್ಕೊಳ್ಳೋ ಹಾಗಿಲ್ಲ. ಕ್ರೆಡಿಟ್ ಕಾರ್ಡ್ ಬಗ್ಗೆ ಆರ್‌ಬಿಐ 2022ರಲ್ಲಿ ಕೊಟ್ಟ ನಿರ್ದೇಶನದಲ್ಲೇ ಇದೆ, ಕಾರ್ಡ್ ಮಾರೋಕೆ ಇಟ್ಕೊಂಡಿರೋ ಟೆಲಿಮಾರ್ಕೆಟರ್‌ಗಳು ಟ್ರಾಯ್ ನಿಯಮ ಪಾಲಿಸೋ ಹಾಗೆ ನೋಡ್ಕೊಳ್ಳೋದು ಬ್ಯಾಂಕಿನ ಜವಾಬ್ದಾರಿ, ಗ್ರಾಹಕರಿಗೆ ಕಾಲ್ ಮಾಡೋದು ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಮಾತ್ರ. ಕೇಳದೆ ಕಾರ್ಡ್ ಕಳಿಸೋದೂ ನಿಷೇಧ. 2025ರ ಜನವರಿಯಲ್ಲಿ ಇನ್ನೊಂದು ಸುತ್ತೋಲೆ ಬಂತು, ಬ್ಯಾಂಕುಗಳು ಪ್ರಚಾರದ ಕಾಲ್‌ಗೆ 140, ವಹಿವಾಟು ಮತ್ತೆ ಸೇವೆ ಕಾಲ್‌ಗೆ 1600 ಸರಣಿನೇ ಬಳಸ್ಬೇಕು ಅಂತ. ಬ್ಯಾಂಕಿನ ಗ್ರೀವೆನ್ಸ್ ಸೆಲ್‌ಗೆ, ಅಂದ್ರೆ ದೂರು ವಿಭಾಗಕ್ಕೆ, ಮೇಲ್ ಹಾಕಿ ಕಾಲ್ ಬಂದ ನಂಬರ್, ಸಮಯ ಬರೆಯಿರಿ, 30 ದಿನದೊಳಗೆ ಸಮಾಧಾನದ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ಹಾಕ್ಬಹುದು, ಖರ್ಚಿಲ್ಲ.

ಹುಣಸೆನೆರಳು:
ಇದಕ್ಕೆ ಸೇರಿಸಿ ಒಂದು ಮಾತು. ನಮ್ಮ ನಂಬರ್ ಇವರಿಗೆ ಹೆಂಗೆ ಸಿಗುತ್ತೆ ಅಂತ ಎಲ್ಲರೂ ಕೇಳ್ತಾರೆ, ಎಷ್ಟೋ ಸಲ ನಾವೇ ಟಿಕ್ ಹಾಕಿರ್ತೀವಿ. ಕ್ರೆಡಿಟ್ ಸ್ಕೋರ್ ಫ್ರೀಯಾಗಿ ತೋರಿಸ್ತೀವಿ ಅನ್ನೋ ಸೈಟುಗಳು, ಇನ್ಶೂರೆನ್ಸ್ ಹೋಲಿಸಿ ನೋಡಿ ಅನ್ನೋ ಸೈಟುಗಳು, ಇವುಗಳಲ್ಲಿ ಮುಂದೆ ಹೋಗೋ ಬಟನ್ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತೆ, ಬಾಕ್ಸ್‌ನಲ್ಲಿ ಎಷ್ಟೋ ಕಡೆ ಟಿಕ್ ಮೊದಲೇ ಬಿದ್ದಿರುತ್ತೆ. ಕಂಪ್ನಿ ಮತ್ತು ಅದರ ಪಾಲುದಾರರು ನನಗೆ ಕಾಲ್, ಎಸ್ಸೆಮ್ಮೆಸ್, ವಾಟ್ಸಾಪ್ ಮಾಡೋಕೆ ಒಪ್ಪಿದೀನಿ, ಈ ಒಪ್ಪಿಗೆ ನನ್ನ ಡಿಎನ್‌ಡಿ ನೋಂದಣಿಯನ್ನ ಮೀರುತ್ತೆ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಪಾಲುದಾರರು ಅಂದ್ರೆ ಯಾರು, ಎಷ್ಟು ಜನ ಅಂತ ಎಲ್ಲೂ ಹೇಳಿರಲ್ಲ. ಲೋನ್ ನಿಜವಾಗ್ಲೂ ಬೇಕಾಗಿ ವಿಚಾರಿಸ್ತಿದ್ರೂ ಆ ಟಿಕ್ ತೆಗೆದು ನೋಡಿ, ತೆಗೆದ್ರೆ ಮುಂದಕ್ಕೆ ಬಿಡಲ್ಲ ಅಂದ್ರೆ ಆ ಸೈಟ್ ಬಿಟ್ಟು ಬ್ಯಾಂಕಿನ ಬ್ರಾಂಚ್‌ಗೆ ಹೋಗೋದು ವಾಸಿ.

ಅಂಗಡೀಲಿ ಬಿಲ್ ಮಾಡುವಾಗ ಮೊಬೈಲ್ ನಂಬರ್ ಹೇಳಿ ಅಂತಾರಲ್ಲ, ಅದೂ ಕಡ್ಡಾಯ ಅಲ್ಲ. ನಂಬರ್ ಕೊಡ್ಲೇಬೇಕು ಅಂತ ಒತ್ತಾಯ ಮಾಡ್ಬಾರ್ದು, ಕೊಡದಿದ್ರೆ ವ್ಯಾಪಾರ ಮಾಡಲ್ಲ ಅನ್ನೋದು ತಪ್ಪು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಸೂಚನೆ ಕೊಟ್ಟಿದೆ. "ನಂಬರ್ ಬೇಡ, ಪೇಪರ್ ಬಿಲ್ ಕೊಡಿ" ಅಂದ್ರೆ ಕೌಂಟರ್‌ನಲ್ಲಿರೋ ಹುಡುಗರು ಏನೂ ಜಗಳ ಮಾಡಲ್ಲ.

ಬೆಳ್ಳಿಮೋಡ:
ಕೊಟ್ಟಾಗಿದೆ, ಈಗ ವಾಪಸ್ ತಗೊಳ್ಳೋಕಾಗುತ್ತಾ?

ಹುಣಸೆನೆರಳು:
ಆಗುತ್ತೆ ಸರ್. ಪ್ರಚಾರದ ಮೆಸೇಜ್‌ನಲ್ಲಿ ಬೇಡ ಅನ್ನೋ ದಾರಿ ಕಡ್ಡಾಯವಾಗಿ ಕೊಟ್ಟಿರ್ಬೇಕು, ನೀವು ಬೇಡ ಅಂದ ಮೇಲೆ 90 ದಿನ ಅವರು ಮತ್ತೆ ಒಪ್ಪಿಗೆ ಕೇಳೋ ಹಾಗಿಲ್ಲ. ಅಪರಿಚಿತರು ಕಳಿಸಿದ ಲಿಂಕ್ ಮಾತ್ರ ಒತ್ತಬೇಡಿ, ಗೆರೆ ಮುಂದೆ ಪಿ ಇರೋ ಸರಿಯಾದ ಹೆಸರಿಂದ ಬಂದ ಮೆಸೇಜಾ ಅಂತ ನೋಡ್ಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೂ ಕೊಟ್ಟ ಒಪ್ಪಿಗೆ ಹಿಂತಗೊಳ್ಳೋ ಹಕ್ಕಿದೆ, ಕೊಡೋದು ಎಷ್ಟು ಸುಲಭವೋ ಹಿಂತಗೊಳ್ಳೋದೂ ಅಷ್ಟೇ ಸುಲಭ ಇರ್ಬೇಕು ಅಂತ.

ಸಂಜೆಮಲ್ಲಿಗೆ:
ಇಷ್ಟೊಂದು ವಿವರ ಕೊಟ್ಟಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನನಗೆ ಅತ್ತೆ ಫೋನಿಂದೇ ಚಿಂತೆ. ಅವರದು ಬಟನ್ ಫೋನು, ಆ್ಯಪ್ ಗೀಪ್ ಆಗಲ್ಲ. ಮೊನ್ನೆ ಯಾರೋ ಟ್ರಾಯ್‌ನಿಂದ ಮಾತಾಡ್ತಿದೀವಿ, ನಿಮ್ಮ ಸಿಮ್ ಎರಡು ಗಂಟೇಲಿ ಬಂದ್ ಆಗುತ್ತೆ, ಒಂಬತ್ತು ಒತ್ತಿ ಅಂದ್ರಂತೆ, ಇವರು ಗಾಬರಿಯಾಗಿ ನನಗೆ ಫೋನ್ ತಂದು ಕೊಟ್ರು.

ಹಳೇಟವರ್:
ಮೇಡಂ ಇದು ಟೆಲಿಮಾರ್ಕೆಟಿಂಗ್ ಅಲ್ಲ, ಪಕ್ಕಾ ಮೋಸ. ಟ್ರಾಯ್ ಯಾರಿಗೂ ಕಾಲ್ ಮಾಡಿ ಸಿಮ್ ಬಂದ್ ಮಾಡ್ತೀವಿ ಅನ್ನಲ್ಲ, ಅವರೇ ಇದನ್ನ ಸುಮಾರು ಸಲ ಸ್ಪಷ್ಟಪಡಿಸಿದಾರೆ. ಒತ್ತದೆ ನಿಮ್ಮ ಕೈಗೆ ಕೊಟ್ಟಿದ್ದು ಬಹಳ ಒಳ್ಳೇದಾಯ್ತು, ಅದನ್ನ ಅವರಿಗೆ ಹೇಳಿ, ಹಿರಿಯರಿಗೆ ಧೈರ್ಯ ಬರುತ್ತೆ.

ಇಂಥದ್ದನ್ನ 1909ಕ್ಕೆ ಹಾಕ್ಬೇಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಮೋಸದ ಕಾಲ್ ವರದಿ ಮಾಡೋಕೆ ಚಕ್ಷು ಅಂತ ಇದೆ, 2024ರ ಮಾರ್ಚ್‌ನಲ್ಲಿ ಶುರುವಾಗಿದ್ದು, ಅಲ್ಲಿ ಹಾಕಿ. ಕಾಲ್ ಬಂದ ಮೇಲೆ ದುಡ್ಡು ಹೋಗಿದ್ರೆ ಅಥವಾ ಓಟಿಪಿ ಹೇಳಿಬಿಟ್ಟಿದ್ರೆ ಚಕ್ಷು ಎಲ್ಲಾ ಆಮೇಲೆ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡ್ಬೇಕು, ಎಷ್ಟು ಬೇಗ ಮಾಡ್ತೀರೋ ದುಡ್ಡು ತಡೆ ಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ. ಇನ್ನೊಂದು ಥರ ಇದೆ, ಪಾರ್ಸೆಲ್ ಬಂದಿದೆ, ಸ್ಟಾರ್ 401 ಸ್ಟಾರ್ ಹಾಕಿ ಈ ನಂಬರ್ ಒತ್ತಿ ಅಂತಾರೆ. ಒತ್ತಿದ್ರೆ ನಿಮ್ಮ ಕಾಲ್‌ಗಳೆಲ್ಲಾ ಅವರ ಫೋನಿಗೆ ಫಾರ್ವರ್ಡ್ ಆಗುತ್ತೆ, ಓಟಿಪಿ ಕಾಲ್ ಸಮೇತ. ಅನುಮಾನ ಇದ್ರೆ ಹ್ಯಾಷ್ ಹ್ಯಾಷ್ 002 ಹ್ಯಾಷ್ ಒತ್ತಿ ಡಯಲ್ ಮಾಡಿ, ಎಲ್ಲಾ ಫಾರ್ವರ್ಡಿಂಗ್ ರದ್ದಾಗುತ್ತೆ, ಬಟನ್ ಫೋನಲ್ಲೂ ನಡೆಯುತ್ತೆ.

ಅತ್ತೆಯವರ ಫೋನಿಂದ ಡಿಎನ್‌ಡಿಗೆ 1909ಕ್ಕೆ ಎಸ್ಸೆಮ್ಮೆಸ್ ಸಾಕು, ದೂರೂ ಎಸ್ಸೆಮ್ಮೆಸ್‌ನಲ್ಲೇ ಆಗುತ್ತೆ. ವಾರಕ್ಕೊಮ್ಮೆ ನೀವು ಕೂತು ಅವರ ಕಾಲ್ ಲಿಸ್ಟ್ ನೋಡಿ ಕಳ್ಸಿದ್ರಾಯ್ತು, 7 ದಿನದ ಗಡುವೂ ಮೀರಲ್ಲ.

ಕಡಲತಡಿ:
ಫೋನ್ ಸೆಟ್ಟಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ. ಐಫೋನಲ್ಲಿ ಕಾಂಟ್ಯಾಕ್ಟಲ್ಲಿ ಇಲ್ಲದವರ ಕಾಲ್ ಸೈಲೆಂಟ್ ಮಾಡೋ ಆಪ್ಷನ್ ಇದೆ, ಆಂಡ್ರಾಯ್ಡ್ ಗೂಗಲ್ ಫೋನ್ ಆ್ಯಪಲ್ಲಿ ಸ್ಪ್ಯಾಮ್ ಫಿಲ್ಟರ್ ಇದೆ. ಮೊದಲನೇದು ಸಂಜೆಮಲ್ಲಿಗೆ ಅವರಿಗೆ ಆಗಿಬರಲ್ಲ, ವ್ಯಾನ್ ಡ್ರೈವರ್ ಬದಲಾದ ದಿನ ಕಾಲೇ ಗೊತ್ತಾಗಲ್ಲ. ಮನೇಲಿ ವಯಸ್ಸಾದೋರು, ಆಸ್ಪತ್ರೇಲಿ ಯಾರಾದ್ರೂ ಇರೋವಾಗ ಅದನ್ನ ಹಾಕ್ಲೇಬೇಡಿ. ಎರಡನೇದು ಪರವಾಗಿಲ್ಲ. ಟ್ರೂಕಾಲರ್ ಥರದ ಆ್ಯಪ್‌ಗಳು ಜನ ರಿಪೋರ್ಟ್ ಮಾಡಿದ್ದನ್ನ ಆಧರಿಸಿ ಸ್ಪ್ಯಾಮ್ ಅಂತ ತೋರಿಸ್ತವೆ, ಹೊಸ ನಂಬರ್‌ಗೆ ಏನೂ ತೋರಿಸಲ್ಲ, ಬಡಪಾಯಿ ಡೆಲಿವರಿ ಹುಡುಗನಿಗೂ ಕೆಲವೊಮ್ಮೆ ಸ್ಪ್ಯಾಮ್ ಅಂತ ಬಿದ್ದಿರುತ್ತೆ. ಹಾಕ್ಕೊಳ್ಳೋಕೆ ಮುಂಚೆ ಏನೇನು ಪರ್ಮಿಷನ್ ಕೇಳುತ್ತೆ ನೋಡಿ.

ಜೋಳದತೆನಿ:
ನನ್ನ ತ್ರಾಸ ಬ್ಯಾರೇನ ಅದರಿ. ಯಾರೋ ಗೆಳ್ಯಾ ಲೋನ್ ತಗೊಂಡಾನ, ನನ್ನ ನಂಬರ್ ರೆಫರೆನ್ಸ್ ಕೊಟ್ಟಾನ, ಈಗ ವಸೂಲಿಯವ್ರು ನನಗ ಫೋನ್ ಹಚ್ತಾರ, ರಾತ್ರಿ ಒಂಬತ್ತಕ್ಕೂ ಬಿಡಂಗಿಲ್ಲ. ಡಿಎನ್‌ಡಿ ಇದಕ್ಕ ನಡೀತದೇನ್ರಿ?

ಖಾತೆಪುಸ್ತಕ:
ಇಲ್ಲ ಸರ್, ಇದು ಪ್ರಚಾರದ ಕಾಲ್ ಅಲ್ಲ, ದಾರಿ ಬೇರೆ. 2022ರ ಆಗಸ್ಟ್‌ನ ಆರ್‌ಬಿಐ ಸುತ್ತೋಲೆ ಪ್ರಕಾರ ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರನಿಗೇ ಕಾಲ್ ಮಾಡೋ ಹಾಗಿಲ್ಲ, ಅವರ ಮನೆಯವರು, ರೆಫರೆನ್ಸ್‌ನಲ್ಲಿ ಹೆಸರಿರೋರು, ಗೆಳೆಯರ ಖಾಸಗಿತನಕ್ಕೆ ಕೈ ಹಾಕೋದೂ ತಪ್ಪು. ನೀವು ಜಾಮೀನು ಸಹಿ ಹಾಕಿಲ್ಲ ಅಂದ್ರೆ ನಿಮಗೂ ಆ ಸಾಲಕ್ಕೂ ಸಂಬಂಧ ಇಲ್ಲ, ಒಂದು ಪೈಸೆ ಕಟ್ಬೇಡಿ, ಕಟ್ತೀನಿ ಅಂತ ಬಾಯಲ್ಲೂ ಹೇಳ್ಬೇಡಿ. ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ಇಟ್ಕೊಂಡು ಆ ಸಾಲ ಕೊಟ್ಟ ಸಂಸ್ಥೆಯ ನೋಡಲ್ ಅಧಿಕಾರಿಗೆ ಬರೆಯಿರಿ, ಬಗ್ಗಲಿಲ್ಲ ಅಂದ್ರೆ ಒಂಬುಡ್ಸ್‌ಮನ್. ಬೆದರಿಕೆ ಹಾಕಿದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗಿ, ಹಿಂಜರೀಬೇಡಿ.

ಜೋಳದತೆನಿ:
ಭಾಳ ಉಪಕಾರ ಆತ್ರಿ. ಸ್ಕ್ರೀನ್‌ಶಾಟ್ ಇವತ್ತ ತಗೀತೇನಿ.

ಕೆಂಡಸಂಪಿಗೆ:
ನಾನು ಇವತ್ತೇ 1909ಕ್ಕೆ ಒಂದು ದೂರು ಹಾಕಿದೆ, ಬರೇ ಸ್ಪ್ಯಾಮ್ ಕಾಲ್ ಅಂತ ಬರೆದು ನಂಬರ್, ತಾರೀಕು ಹಾಕಿದೀನಿ. ದೂರಿನ ನಂಬರ್ ಬಂತು. ಇಷ್ಟು ಸಾಕಾ ಸರ್?

ಹಳೇಟವರ್:
ಹಾಕಿದ್ದು ಒಳ್ಳೇದಾಯ್ತು ಮೇಡಂ. ಮುಂದಿನ ಸಲ ವಿವರ ಇನ್ನೊಂಚೂರು ಬಿಡಿಸಿ ಬರೀರಿ. ಬರೇ ಸ್ಪ್ಯಾಮ್ ಅಂದ್ರೆ ಪ್ರಚಾರದ್ದಾ ಸೇವೆದ್ದಾ ಗೊತ್ತಾಗಲ್ಲ, ಸುಲಭವಾಗಿ ಕ್ಲೋಸ್ ಮಾಡ್ಬಿಡ್ತಾರೆ. "ಇಂಥ ಬ್ಯಾಂಕಿನ ಹೆಸರು ಹೇಳಿ ಪರ್ಸನಲ್ ಲೋನ್ ಮಾರಲು ಕರೆ, ನಾನು ಒಪ್ಪಿಗೆ ಕೊಟ್ಟಿಲ್ಲ, ನಂಬರ್, ತಾರೀಕು" ಹೀಗೆ. ಮಾರಾಟ ಅನ್ನೋದು, ಒಪ್ಪಿಗೆ ಇಲ್ಲ ಅನ್ನೋದು ಎರಡೂ ಇರ್ಲಿ. ಪಕ್ಕದ ಪಕ್ಕದ ನಂಬರಿಂದ ಬಂದ್ರೆ ಪ್ರತಿ ನಂಬರಿಗೂ ಬೇರೆ ಬೇರೆ ದೂರು ಹಾಕಿ. ಮನೇಲಿ ಬೇರೆಯವರಿಗೂ ಅದೇ ನಂಬರಿಂದ ಬಂದಿದ್ರೆ ಅವರವರ ಫೋನಿಂದ ಅವರವರೇ ಹಾಕ್ಲಿ, ಬೇರೆ ಬೇರೆ 5 ಜನ ಅನ್ನೋ ಲೆಕ್ಕಕ್ಕೆ ಅದು ಸೇರುತ್ತೆ.

ಬೆಳ್ಳಿಮೋಡ:
ವಾಟ್ಸಾಪ್‌ನಲ್ಲಿ ಬರೋ ಕಾಲ್‌ಗೂ ಇದೇನಾ ಸರ್?

ಹಳೇಟವರ್:
ಇಲ್ಲ, ಅದು ಟ್ರಾಯ್‌ನ ಈ ನಿಯಮದೊಳಗೆ ಬರಲ್ಲ, 1909 ತಗೊಳ್ಳಲ್ಲ. ವಾಟ್ಸಾಪ್‌ನಲ್ಲೇ ಬ್ಲಾಕ್ ಜೊತೆ ರಿಪೋರ್ಟ್ ಒತ್ತಿ, ಸೆಟ್ಟಿಂಗ್‌ನಲ್ಲಿ ಪ್ರೈವಸಿ ಒಳಗೆ ಕಾಲ್ಸ್ ಅಂತಿದೆ, ಅಲ್ಲಿ ಗೊತ್ತಿಲ್ಲದವರ ಕಾಲ್ ಸೈಲೆಂಟ್ ಮಾಡ್ಬಹುದು, ಕಾಲ್ ಬಂದಿದ್ದು ಲಿಸ್ಟಲ್ಲಿ ಕಾಣುತ್ತೆ, ರಿಂಗ್ ಮಾತ್ರ ಆಗಲ್ಲ. ಪೊಲೀಸ್ ಯೂನಿಫಾರ್ಮ್ ಹಾಕ್ಕೊಂಡು ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅನ್ನೋರೆಲ್ಲಾ ಹೆಚ್ಚಾಗಿ ಈ ಥರದ ಆ್ಯಪ್‌ಗಳಲ್ಲೇ ಬರೋದು, ಹಾಗಂತ ಕಾನೂನಲ್ಲಿ ಒಂದು ಅರೆಸ್ಟೇ ಇಲ್ಲ. ಅಂಥ ಕಾಲ್ ಬಂದ್ರೆ ಕಟ್ ಮಾಡಿ ಚಕ್ಷುಗೆ ಹಾಕಿ, ಅಲ್ಲಿ ವಾಟ್ಸಾಪ್ ಕಾಲ್‌ಗೂ ಜಾಗ ಕೊಟ್ಟಿದಾರೆ.